ಯಾಜಕಕಾಂಡದಲ್ಲಿ ನಿಂತುಹೋದವರಿಗೆ

ಪ್ರಶ್ನೆ: ಅಯ್ಯನವರೇ, ನನಗೆ 36 ವರ್ಷ. ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ಮನೆಯಲ್ಲಿ ಯಜಮಾನರು, ಅತ್ತೆ, ಏಳು ಮತ್ತು ಮೂರು ವರ್ಷದ ಇಬ್ಬರು ಮಕ್ಕಳು. ಪ್ರತಿ ವರ್ಷ ಉಜ್ಜೀವನ ಕೂಟದಿಂದ (ಭಕ್ತಿಗೆ ಹುರುಪು ತುಂಬುವ ವಿಶೇಷ ಸಭೆಯಿಂದ) ಬಂದ ಮೇಲೆ ಎರಡು ವಾರ ಮನಸ್ಸು ಉರಿಯುತ್ತಿರುತ್ತದೆ, ಆಮೇಲೆ ತಣ್ಣಗಾಗುತ್ತದೆ. ಈ ಜನವರಿ 1ರಂದು, ಒಂದೇ ವರ್ಷದಲ್ಲಿ ಸತ್ಯವೇದ (ಬೈಬಲ್) ಓದಿ ಮುಗಿಸುವ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಫೆಬ್ರವರಿ ಮೊದಲ ವಾರ, ಅದರ ಮೂರನೇ ಪುಸ್ತಕವಾದ ಯಾಜಕಕಾಂಡದ 13ನೇ ಅಧ್ಯಾಯಕ್ಕೆ ನಿಂತುಹೋಯಿತು. ಪ್ರಾರ್ಥನೆಗೆ ಕುಳಿತರೆ ತೂಕಡಿಕೆ, ಇಲ್ಲವೇ ನಾಳೆಯ ಡಬ್ಬಿಯ ಚಿಂತೆ. ನನ್ನ ನಾದಿನಿ ದಿನವೂ ಬೆಳಗಿನ ನಾಲ್ಕಕ್ಕೆ ಎದ್ದು ಒಂದು ಗಂಟೆ ಪ್ರಾರ್ಥಿಸುತ್ತಾಳೆ. ಹುಟ್ಟಿದಂದಿನಿಂದ ಸಭೆಯಲ್ಲಿದ್ದರೂ ನಾನು ಬೆಳೆದೇ ಇಲ್ಲ ಅನ್ನಿಸುತ್ತದೆ. ಏರಿಳಿತವಿಲ್ಲದೆ ಆತ್ಮಿಕವಾಗಿ ಬೆಳೆಯುವುದು ಹೇಗೆ? ಆ ಪಟ್ಟಿಯನ್ನು ಏನು ಮಾಡಲಿ?

ಉತ್ತರ: ಸಹೋದರಿ, ಮೊದಲು ಯಾಜಕಕಾಂಡದ ಲೆಕ್ಕ ಮುಗಿಸಿಬಿಡೋಣ. ನಮ್ಮ ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ. ವರ್ಷದೊಳಗೆ ಮುಗಿಸಬೇಕೆಂದರೆ ದಿನಕ್ಕೆ ಮೂರೂಕಾಲು ಅಧ್ಯಾಯ ಓದಬೇಕು. ಆದಿಕಾಂಡದ 50 ಅಧ್ಯಾಯ ಕಥೆಯ ಓಟದಲ್ಲಿ ಮುಗಿದುಹೋಗುತ್ತವೆ. ವಿಮೋಚನಕಾಂಡದ ಮೊದಲರ್ಧ ನಿಮ್ಮನ್ನು ಕೆಂಪು ಸಮುದ್ರ ದಾಟಿಸುತ್ತದೆ, ಉಳಿದರ್ಧ ದೇವದರ್ಶನದ ಗುಡಾರದ ಅಳತೆಗಳಲ್ಲಿ ತೆವಳುತ್ತದೆ. ಜನವರಿ 28ರ ಸುಮಾರಿಗೆ ಯಾಜಕಕಾಂಡದ ಬಾಗಿಲು. 13ರಲ್ಲಿ ಚರ್ಮರೋಗದ ತಪಾಸಣೆ, 14ರಲ್ಲಿ ಮನೆಗೋಡೆಗೆ ಹಿಡಿದ ಬೂಷ್ಟಿನ ತಪಾಸಣೆ. ಮಲೆನಾಡಿನ ಮಳೆಗಾಲ ಕಂಡ ನಿಮಗೆ ಗೋಡೆಯ ಬೂಷ್ಟು ಹೊಸದೇನಲ್ಲ, ಆದರೂ ಬೆಳಗ್ಗೆ ಆರೂವರೆಗೆ ಒಲೆಯ ಮೇಲೆ ಹಾಲಿಟ್ಟುಕೊಂಡು ಓದುವ ವಿಷಯ ಅದಲ್ಲ. ಸಭಾಪಾಲಕನಾಗಿದ್ದ ವರ್ಷಗಳಲ್ಲಿ ಈ ಜಾಗದಲ್ಲಿ ನಿಂತವರನ್ನು ಎಷ್ಟು ಮಂದಿ ಕಂಡಿದ್ದೇನೋ ಲೆಕ್ಕವಿಟ್ಟಿಲ್ಲ. ನಾನೂ ಒಮ್ಮೆ ಅಲ್ಲೇ ನಿಂತಿದ್ದೆ. ಬೇಸರದ ಸಂಗತಿ ಒಂದೇ: ನೀವು ನಿಲ್ಲಿಸಿದ ಜಾಗದಿಂದ ಬರೀ ಆರು ಅಧ್ಯಾಯ ಮುಂದೆ, 19ರ 18ನೇ ವಚನದಲ್ಲಿ, ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತಿದೆ. ಯೇಸು ಧರ್ಮಶಾಸ್ತ್ರದ ಸಾರ ಹೇಳುವಾಗ ಎತ್ತಿಕೊಂಡದ್ದು ಆ ಬೂಷ್ಟಿನ ಪಕ್ಕದ ಮಾತನ್ನು.

ಇಂಥ ಪಟ್ಟಿ ಸೋಲುವುದು ಓದುವವರ ಸೋಮಾರಿತನದಿಂದ ಎಂದು ನಾನು ಒಪ್ಪುವುದಿಲ್ಲ. ಮೂರು ದಿನ ತಪ್ಪಿದರೆ ಹತ್ತು ಅಧ್ಯಾಯ ಬಾಕಿ. ಮಗುವಿಗೆ ಜ್ವರ ಬಂದು ಒಂದು ವಾರ ಹೋದರೆ ಇಪ್ಪತ್ತಮೂರು. ಅಷ್ಟರಲ್ಲಿ ದೇವರ ವಾಕ್ಯ ನಿಮಗೆ ಸಾಲದ ಖಾತೆಯಾಗಿರುತ್ತದೆ, ನೀವು ಅದರ ಸುಸ್ತಿದಾರರು. ಸುಸ್ತಿದಾರರು ಬ್ಯಾಂಕಿನ ಮುಂದಿನ ರಸ್ತೆಯನ್ನೇ ಬಿಟ್ಟು ಸುತ್ತುಬಳಸಿ ಹೋಗುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನೀವು ಈಗ ಸತ್ಯವೇದದ ಮುಂದೆ ಮಾಡುತ್ತಿರುವುದೂ ಅದನ್ನೇ.

ವಿಮೋಚನಕಾಂಡದ 16ನೇ ಅಧ್ಯಾಯವನ್ನು ನೀವು ಜನವರಿಯಲ್ಲೇ ಓದಿದ್ದೀರಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಬೀಳುತ್ತದೆ. ತಲೆಗೆ ಒಂದು ಓಮೆರ್ ಅಳತೆ, ಅದೂ ಆ ದಿನಕ್ಕೆ ಮಾತ್ರ. ನಾಳೆಗಿರಲಿ ಎಂದು ಕೂಡಿಟ್ಟವರ ಪಾತ್ರೆಯಲ್ಲಿ ಬೆಳಗಾಗುವುದರೊಳಗೆ ಹುಳ. ಆರನೆಯ ದಿನ ಮಾತ್ರ ಎರಡರಷ್ಟು, ಏಕೆಂದರೆ ಏಳನೆಯ ದಿನ ವಿಶ್ರಾಂತಿ. ಈ ಭಾಗದ ಮೇಲೆ ನಾನು ಹಲವು ಸಲ ಪ್ರಸಂಗ ಮಾಡಿದ್ದೇನೆ, ಆದರೆ ಒಂದು ಅಂಶ ತಡವಾಗಿ ಹೊಳೆಯಿತು: ನಿನ್ನೆ ಹೆಕ್ಕದೇ ಹೋದ ಮನ್ನವನ್ನು ಇಂದು ಸೇರಿಸಿ ಹೆಕ್ಕು ಎಂದು ಎಲ್ಲೂ ಹೇಳಿಲ್ಲ. ನಿನ್ನೆಯದು ಬಿಸಿಲೇರಿದಾಗಲೇ ಕರಗಿಹೋಯಿತು. ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು’ ಎಂದು ನಾವು ಕೇಳಿಕೊಳ್ಳುವುದೂ ಇದೇ ಅಳತೆಯಲ್ಲಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಏರಿಳಿತವಿಲ್ಲದ ಬೆಳವಣಿಗೆಯನ್ನು ನಾನು ಸತ್ಯವೇದದಲ್ಲೂ ಕಂಡಿಲ್ಲ, ಸಭೆಯಲ್ಲೂ ಕಂಡಿಲ್ಲ. ಪ್ರವಾದಿ ಎಲೀಯನನ್ನು ನೋಡಿ. ಒಂದನೆಯ ಅರಸುಗಳು 18ರಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಉಜ್ಜೀವನ ಕೂಟ ಯಾವುದಿದೆ? 19ನೇ ಅಧ್ಯಾಯದಲ್ಲಿ ಅದೇ ಮನುಷ್ಯ ಗಿಡದ ಕೆಳಗೆ ಮಲಗಿ, ಸಾಕು, ಪ್ರಾಣ ತೆಗೆದುಕೋ ಎಂದು ದೇವರನ್ನು ಕೇಳುತ್ತಾನೆ. ದೇವದೂತನು ಬಂದು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎಬ್ಬಿಸಿ ಇನ್ನೊಮ್ಮೆ ಊಟ ಕೊಟ್ಟ. ಆಮೇಲೆ ಹೋರೇಬ್ ಬೆಟ್ಟದಲ್ಲಿ ದೇವರು ಮಾತನಾಡಿದ್ದು ಬಿರುಗಾಳಿಯಲ್ಲಲ್ಲ, ಭೂಕಂಪದಲ್ಲಲ್ಲ, ಬೆಂಕಿಯಲ್ಲೂ ಅಲ್ಲ, ತೀರ ಮೆಲುದನಿಯಲ್ಲಿ. ಕೂಟದ ಎರಡು ವಾರದ ಉರಿ ಸುಳ್ಳೆಂದು ಹೇಳುತ್ತಿಲ್ಲ. ಅದು ದೀಪ ಹಚ್ಚುವ ಕಡ್ಡಿ. ಕಡ್ಡಿ ಇಡೀ ರಾತ್ರಿ ಉರಿಯಲಿಲ್ಲ ಎಂದು ಯಾರೂ ಕೊರಗುವುದಿಲ್ಲ.

ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಪುಟ್ಟ ಸಾಮ್ಯ (ದೃಷ್ಟಾಂತ ಕಥೆ) ಇದೆ, ಬೇರೆ ಮೂರು ಸುವಾರ್ತೆಗಳಲ್ಲಿ ಇಲ್ಲ. ಬೀಜ ಬಿತ್ತಿದ ರೈತ ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂಬುದು ಅವನಿಗೇ ತಿಳಿಯದು. ಮೊದಲು ಗರಿ, ಆಮೇಲೆ ಹೊಡೆ, ತರುವಾಯ ತೆನೆಯಲ್ಲಿ ಕಾಳು. ಗದ್ದೆಯ ಕಡೆಯವರಿಗೆ ಗೊತ್ತು, ಹೊಡೆ ಬಿಚ್ಚಿ ಒಳಗೆ ಕಾಳು ಕಟ್ಟಿದೆಯೇ ಎಂದು ನೋಡಿದವನಿಗೆ ಆ ಪೈರು ದಕ್ಕುವುದಿಲ್ಲ. ‘ನಾನು ಬೆಳೆದೇ ಇಲ್ಲ’ ಎಂದು ನೀವು ದಿನವೂ ಒಳಗನ್ನು ಬಿಚ್ಚಿ ನೋಡಿಕೊಳ್ಳುತ್ತಿರುವುದು ಹಾಗಿದೆ. ಲೂಕ 13ರ ಅಂಜೂರದ ಮರದ ಸಾಮ್ಯದಲ್ಲಿ ಮೂರು ವರ್ಷ ಹಣ್ಣು ಬಿಡದ ಮರವನ್ನು ಕಡಿದುಹಾಕು ಎನ್ನುತ್ತಾನೆ ಯಜಮಾನ. ತೋಟಗಾರ ಹೇಳುವುದು ಎರಡೇ ಕೆಲಸ: ಸುತ್ತಲೂ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ. ಹಣ್ಣು ಬಿಡಿಸುತ್ತೇನೆಂದು ಅವನು ಮಾತು ಕೊಡುವುದಿಲ್ಲ. ನಿಮ್ಮ ಮನೆಯಲ್ಲಿ ಆ ಅಗೆತ ಯಾವುದು, ಗೊಬ್ಬರ ಯಾವುದು ಎಂಬುದಕ್ಕಷ್ಟೇ ನಾನು ಉತ್ತರ ಹೇಳಬಲ್ಲೆ.

ಓದಿಗೆ ಮಾರ್ಕನ ಸುವಾರ್ತೆ ಹಿಡಿಯಿರಿ. ಹದಿನಾರೇ ಅಧ್ಯಾಯ. ಅಧ್ಯಾಯಗಳ ಲೆಕ್ಕ ಬಿಟ್ಟು ದಿನಕ್ಕೆ ಒಂದು ಘಟನೆ ಓದಿ: ಪಾರ್ಶ್ವವಾಯು ರೋಗಿಯನ್ನು ಮಾಡಿನಿಂದ ಇಳಿಸಿದ್ದು ಒಂದು ದಿನ, ಪೇತ್ರನ ಅತ್ತೆಯ ಜ್ವರ ಇನ್ನೊಂದು ದಿನ. ಸುಮಾರು ಮೂರು ತಿಂಗಳಿಗೆ ಮುಗಿಯುತ್ತದೆ. ಸಣ್ಣ ದನಿಯಲ್ಲಾದರೂ ಬಾಯಿಬಿಟ್ಟು ಓದಿ, ಕಣ್ಣಿಗೆ ತಪ್ಪಿಸಿಕೊಂಡದ್ದು ಕಿವಿಗೆ ಸಿಗುತ್ತದೆ. ಓದಿದ ಮೇಲೆ ಒಂದೇ ಪ್ರಶ್ನೆ: ಇಲ್ಲಿ ಯೇಸು ಯಾರನ್ನು ನೋಡಿದನು? ಇದನ್ನೇ ಏಕೆ ಕೇಳುತ್ತೇನೆಂದರೆ, ‘ಈ ವಾಕ್ಯ ನನಗೇನು ಹೇಳುತ್ತದೆ’ ಎಂದು ಶುರುಮಾಡಿದವರು ಬಹುತೇಕ ತಮ್ಮ ಬಗ್ಗೆ ಮೊದಲೇ ಅಂದುಕೊಂಡದ್ದನ್ನೇ ಮತ್ತೆ ಕೇಳಿಸಿಕೊಳ್ಳುತ್ತಾರೆ. ಒಂದು ದಿನ ತಪ್ಪಿತೋ, ಆ ದಿನ ಹೋಯಿತು. ಮರುದಿನ ಮುಂದಿನ ಘಟನೆ. ಬಾಕಿ ಇಲ್ಲ, ಬಡ್ಡಿಯೂ ಇಲ್ಲ.

ಯಾವ ಹೊತ್ತು? ನಾದಿನಿಯವರ ನಾಲ್ಕು ಗಂಟೆಯನ್ನು ಅವರಿಗೇ ಬಿಡಿ. ಅವರು ಎಷ್ಟು ಗಂಟೆಗೆ ಮಲಗುತ್ತಾರೆ, ಅವರ ಮನೆಯಲ್ಲಿ ಮೂರು ವರ್ಷದ ಮಗುವಿದೆಯೇ ಎಂದು ನೀವು ಬರೆದಿಲ್ಲ. ಯೇಸು ಇನ್ನೂ ಕತ್ತಲಿರುವಾಗ ಎದ್ದು ಪ್ರಾರ್ಥನೆಗೆ ಹೋದನೆಂಬ ಮಾರ್ಕ 1:35ನ್ನು ನಾವು ಪೀಠದಿಂದ ಎಷ್ಟೋ ಬಾರಿ ಹೇಳುತ್ತೇವೆ. ಅದೇ ಮಾರ್ಕ 4:38ರಲ್ಲಿ ಬಿರುಗಾಳಿಯ ನಡುವೆ ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಅವನು ನಿದ್ರಿಸುತ್ತಿದ್ದನೆಂಬುದರ ಮೇಲೆ ಯಾರೂ ಸಂಕಲ್ಪ ಮಾಡಿಸುವುದಿಲ್ಲ. ರಾತ್ರಿ ಹನ್ನೊಂದೂವರೆಗೆ ಪಾತ್ರೆ ತೊಳೆದು ಮಲಗುವವರು ಬೆಳಗಿನ ನಾಲ್ಕಕ್ಕೆ ಎದ್ದರೆ ಎರಡನೇ ವಾರಕ್ಕೆ ಮಕ್ಕಳ ಮೇಲೆ ರೇಗುತ್ತಾರೆ, ಮೂರನೇ ವಾರಕ್ಕೆ ಕ್ಯಾಷ್ ಕೌಂಟರಿನಲ್ಲಿ ತಪ್ಪು ಎಣಿಸುತ್ತಾರೆ. ಗಡಿಯಾರದ ಬದಲು ಈಗಾಗಲೇ ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಓದನ್ನು ಗಂಟು ಹಾಕಿ. ಮಕ್ಕಳು ಶಾಲೆಗೆ ಹೋದ ಮೇಲೆ ಕುಡಿಯುವ ಕಾಫಿ ಇರಬಹುದು, ಬಸ್ಸಿನ ಹತ್ತು ನಿಮಿಷ ಇರಬಹುದು. ಅಷ್ಟು ಹೊತ್ತು ಮೊಬೈಲ್ ಚೀಲದಲ್ಲಿರಲಿ.

ಪ್ರಾರ್ಥನೆಯ ತೂಕಡಿಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 16ನೇ ಶತಮಾನದಲ್ಲಿ ಸ್ಪೇನಿನ ಆವಿಲಾದಲ್ಲಿದ್ದ ಸಂತ ತೆರೇಸಾ ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವುದಕ್ಕೆ ಹೋಲಿಸಿದರು. (ಕಥೋಲಿಕ ಸಂತರ ಮಾತು ನಮಗೇಕೆ ಎಂದು ಕೇಳುವ ಪ್ರೊಟೆಸ್ಟೆಂಟ್ ಹಿರಿಯರು ಎಲ್ಲ ಊರಲ್ಲೂ ಇರುತ್ತಾರೆ. ಬಾವಿ ಯಾರದಾದರೇನು ಎಂಬುದು ನನ್ನ ಉತ್ತರ.) ನಾಲ್ಕು ಬಗೆ: ಬಾವಿಯಿಂದ ಕೊಡದಲ್ಲಿ ಸೇದುವುದು, ರಾಟೆ ತಿರುಗಿಸಿ ಎತ್ತುವುದು, ಕಾಲುವೆಯಿಂದ ಹರಿಸುವುದು, ಮಳೆ. ಮಳೆ ಬಂದಾಗ ತೋಟಗಾರನಿಗೆ ಕೆಲಸವೇ ಇಲ್ಲ. ನಿಮ್ಮ ಉಜ್ಜೀವನ ಕೂಟ ಮಳೆ. ಉಳಿದ ಐವತ್ತು ವಾರ ಕೈಯಲ್ಲಿ ಸೇದಬೇಕು, ತೋಳು ನೋಯುತ್ತದೆ, ಕೆಲವು ದಿನ ಬಾವಿಯಲ್ಲಿ ನೀರೂ ಇರುವುದಿಲ್ಲ. ಅಂಥ ದಿನವೂ ಹಗ್ಗ ಹಿಡಿದು ಬಂದವನ ಶ್ರಮವನ್ನು ತೋಟದೊಡೆಯ ನೋಡುತ್ತಾನೆ ಎಂಬುದು ತೆರೇಸಾರ ಮಾತಿನ ತಾತ್ಪರ್ಯ. ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕುಳಿತ ವರ್ಷಗಳು ತನಗೂ ಇದ್ದವೆಂದು ಅವರೇ ಬರೆದುಕೊಂಡಿದ್ದಾರೆ. ಕೊಲ್ಕತ್ತದ ಮದರ್ ತೆರೇಸಾರ ಖಾಸಗಿ ಪತ್ರಗಳು ಅವರು ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ಪ್ರಕಟವಾದಾಗ ಆ ತಾಯಿ ದಶಕಗಳ ಕಾಲ ಒಳಗೆ ಬರೀ ಬರಡನ್ನು ಅನುಭವಿಸಿದ್ದು ಲೋಕಕ್ಕೆ ತಿಳಿಯಿತು. ಕೆಲಸ ಒಂದು ದಿನವೂ ನಿಂತಿರಲಿಲ್ಲ.

ನನಗೂ ಅಂಥ ಒಂದು ಕಾಲ ಬಂದಿತ್ತು, ದೀಕ್ಷೆಯಾದ ಆರನೇ ವರ್ಷ. ಭಾನುವಾರ ಪೀಠದಲ್ಲಿ ನಿಂತು ಇತರರಿಗೆ ಪ್ರಾರ್ಥನೆ ಕಲಿಸುತ್ತಿದ್ದೆ, ಸೋಮವಾರ ಬೆಳಗ್ಗೆ ನನ್ನ ಬಾಯಿಂದ ಒಂದು ವಾಕ್ಯ ಹೊರಡುತ್ತಿರಲಿಲ್ಲ. ಆಗ ನನ್ನನ್ನು ಹಿಡಿದಿಟ್ಟದ್ದು ಎರವಲು ಮಾತು. ದಿನಕ್ಕೆ ಸತ್ಯವೇದದ ಒಂದು ಕೀರ್ತನೆ, ಗಟ್ಟಿಯಾಗಿ, ನನ್ನ ಮನಸ್ಸು ಒಪ್ಪಲಿ ಬಿಡಲಿ. 150 ಕೀರ್ತನೆಗಳಲ್ಲಿ 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಸಾಲೂ ಇಲ್ಲ. ಅದನ್ನು ಯಾರೂ ಕಿತ್ತುಹಾಕದೆ ಗ್ರಂಥದಲ್ಲಿ ಉಳಿಸಿದರಲ್ಲ ಎಂಬುದೇ ಆಗ ನನಗೆ ಸಮಾಧಾನವಾಯಿತು. ನಿಮಗೆ ಸದ್ಯಕ್ಕೆ 131 ಸಾಕು. ಮೂರೇ ವಚನ, ಮೊಲೆ ಬಿಡಿಸಿದ ಕೂಸು ತಾಯಿಯ ಬಳಿ ಸುಮ್ಮನಿರುವ ಚಿತ್ರ. ಹಾಲಿಗಾಗಿ ಅಳದೆ ತಾಯಿಗಾಗಿಯೇ ಹತ್ತಿರವಿರುವ ಕೂಸು. ಎರಡು ಮಕ್ಕಳಿಗೆ ಹಾಲು ಬಿಡಿಸಿದ ನಿಮಗೆ ಅದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಆ ಬರಡು ಕಾಲದಲ್ಲೇ ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದರು. ಓದುಬರಹ ಬಾರದು, 23ನೇ ಕೀರ್ತನೆಯೊಂದು ಬಾಯಿಪಾಠ. ಒಮ್ಮೆ ಅವರ ಮನೆಗೆ ಹೋದಾಗ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಒಬ್ಬರೇ ಮಾತನಾಡುತ್ತಿದ್ದರು. ಕೇಳಿದರೆ, ಒಂದು ಪಾತ್ರೆಗೆ ಒಂದು ಹೆಸರಂತೆ. ತಟ್ಟೆಗೆ ಮೊಮ್ಮಗ, ಲೋಟಕ್ಕೆ ಪಕ್ಕದ ಮನೆಯ ಬಾಣಂತಿ, ದೊಡ್ಡ ಪಾತ್ರೆಗೆ ಕುಡಿಯುವ ಮಗ, ‘ಅದಕ್ಕೆ ಜಾಸ್ತಿ ತಿಕ್ಕಬೇಕಲ್ಲ ಅಯ್ಯನವರೇ’. 17ನೇ ಶತಮಾನದ ಪ್ಯಾರಿಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿ ಮಠದ ಅಡುಗೆಮನೆಯಲ್ಲಿ ಸುಮಾರು ಹದಿನೈದು ವರ್ಷ ದುಡಿದರು. ಅಡುಗೆ ಕೆಲಸ ಅವರಿಗೆ ಸ್ವಭಾವತಃ ಇಷ್ಟವಿರಲಿಲ್ಲ. ಆದರೂ ಪಾತ್ರೆಗಳ ಗದ್ದಲದ ನಡುವೆ, ಮೊಣಕಾಲೂರಿದಾಗಿನಷ್ಟೇ ನೆಮ್ಮದಿಯಿಂದ ದೇವರ ಸಂಗಡ ಇರುತ್ತಿದ್ದರೆಂದು ಅವರ ಬಗ್ಗೆ ಬರೆದಿಟ್ಟಿದ್ದಾರೆ. ಆ ಸನ್ಯಾಸಿಯ ಹೆಸರನ್ನೇ ಕೇಳದ ನಮ್ಮ ಅಜ್ಜಿ ಅದೇ ಜಾಗ ಮುಟ್ಟಿದ್ದರು. ನಾಳೆಯ ಡಬ್ಬಿಯ ಚಿಂತೆ ಪ್ರಾರ್ಥನೆಗೆ ಅಡ್ಡ ಬರುತ್ತದೆ ಎನ್ನುತ್ತೀರಿ. ಡಬ್ಬಿ ಯಾರದು? ಆ ಮಗುವಿನ ಹೆಸರು ಹೇಳಿ ಮುಚ್ಚಳ ಹಾಕಿ.

ರಾತ್ರಿ ದೀಪ ಆರಿಸಿದ ಮೇಲೆ ಎರಡು ನಿಮಿಷ ದಿನವನ್ನು ಹಿಂದಿರುಗಿ ನೋಡುವ ಅಭ್ಯಾಸವೂ ಒಳ್ಳೆಯದು. ಲೊಯೊಲಾದ ಇಗ್ನೇಷಿಯಸ್ ತಮ್ಮ ಯೇಸುಸಭೆಯವರಿಗೆ (ಜೆಸ್ವಿಟರಿಗೆ) ಇದನ್ನು ದಿನಕ್ಕೆ ಎರಡು ಸಲ ಕಲಿಸಿದರು. ನಿಮಗೆ ಒಂದು ಸಲ ಸಾಕು. ಇಂದು ಕೃತಜ್ಞತೆ ಹುಟ್ಟಿದ್ದು ಎಲ್ಲಿ, ಎಲ್ಲಿ ಮುಖ ತಿರುಗಿಸಿದೆ, ಅಷ್ಟೇ. ಮಧ್ಯದಲ್ಲಿ ನಿದ್ದೆ ಬಂದರೆ ಬರಲಿ.

ಒಬ್ಬರೇ ಬೆಳೆಯಲು ಹೊರಡಬೇಡಿ. ನಿಮ್ಮ ಶಿವಮೊಗ್ಗವೂ ಸೇರಿ ಹಳೆ ಮೈಸೂರು ಸೀಮೆಯಲ್ಲಿ ಸಭೆಗಳನ್ನು ಕಟ್ಟಿದ್ದು ವೆಸ್ಲಿಯನ್ ಮಿಷನ್. ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿಯವರ ಹೆಸರಾಂತ ‘ಕ್ಲಾಸ್’ ಕೂಟಗಳು ಹುಟ್ಟಿದ್ದು ಸಾಲದಿಂದ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನ ಕೂಟದ ಕಟ್ಟಡದ ಮೇಲೆ ಸಾಲವಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದಾಯಿತು. ಬಡವರು ಅದನ್ನೂ ಕೊಡಲಾರರು ಎಂದಾಗ, ಹನ್ನೆರಡು ಜನರ ಗುಂಪಿಗೆ ಒಬ್ಬ ಮುಂದಾಳು ಮನೆಮನೆಗೆ ಹೋಗಿ ಸಂಗ್ರಹಿಸಿ, ಕಡಿಮೆ ಬಿದ್ದದ್ದನ್ನು ತಾನೇ ತುಂಬುವುದು ಎಂದು ಗೊತ್ತುಮಾಡಿದರು. ಪೆನ್ನಿ ಕೇಳಲು ಹೋದವರಿಗೆ ಕಂಡದ್ದು ಒಳಮನೆಯ ಜಗಳ, ಕುಡಿತ, ಕಾಯಿಲೆ. ಭಾನುವಾರದ ಆರಾಧನೆಯಲ್ಲಿ ಎಂದೂ ಕಾಣದಿದ್ದದ್ದು. ವೆಸ್ಲಿಗೆ ತಾನು ಹುಡುಕುತ್ತಿದ್ದದ್ದು ಇದೇ ಅನ್ನಿಸಿ, ಆ ವಸೂಲಿಯ ಗುಂಪುಗಳೇ ವಾರವಾರ ಸೇರಿ ಒಬ್ಬರ ಆತ್ಮದ ಯೋಗಕ್ಷೇಮವನ್ನು ಇನ್ನೊಬ್ಬರು ವಿಚಾರಿಸುವ ಕೂಟಗಳಾದವು.

ನಿಮಗೆ ಹನ್ನೆರಡು ಜನ ಬೇಡ. ಸ್ತ್ರೀಯರ ಕೂಟದಲ್ಲಿ ಬಾಯಿ ಬಿಗಿಯಿರುವ ಒಬ್ಬರನ್ನು ಹುಡುಕಿ, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ. ಬಾಯಿ ಬಿಗಿ ಎಂದದ್ದು ಬೇಕೆಂದೇ. ನಮ್ಮ ಸಭೆಗಳಲ್ಲಿ ಎಷ್ಟೋ ಚಾಡಿ ಪ್ರಾರ್ಥನಾ ವಿನಂತಿಯ ವೇಷ ಹಾಕಿಕೊಂಡು ಓಡಾಡುತ್ತದೆ. ಬೆಳಗ್ಗೆ ಗುಂಪಿಗೆ ಬರುವ ಹೂವಿನ ಚಿತ್ರದ ವಚನಗಳನ್ನು ಅನ್ಯೋನ್ಯತೆ ಎಂದುಕೊಳ್ಳಬೇಡಿ.

ಇನ್ನು ಅಳತೆ. ಅಳೆಯಲೇಬೇಕೆಂದಿದ್ದರೆ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದ ಆತ್ಮನ ಫಲವನ್ನು ತೆಗೆಯಿರಿ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಗಸ್ತಿಕೆ, ಸಾಧುತ್ವ, ಶಮೆದಮೆ (ಆತ್ಮಸಂಯಮ). ಒಂಬತ್ತರಲ್ಲಿ ಹೆಚ್ಚಿನವು ಎದುರಿಗೆ ಇನ್ನೊಬ್ಬ ಮನುಷ್ಯನಿಲ್ಲದೆ ಕಾಣಿಸಿಕೊಳ್ಳುವುದೇ ಇಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ದೀರ್ಘಶಾಂತಿ ಸಾಧಿಸಲು ಬರುವುದಿಲ್ಲ, ಅದಕ್ಕೆ ಅತ್ತೆಯವರು ಬೇಕು. ಪೌಲನು ಎಷ್ಟು ಹೊತ್ತು ಪ್ರಾರ್ಥಿಸಿದೆ, ಎಷ್ಟು ಅಧ್ಯಾಯ ಓದಿದೆ ಎಂಬುದನ್ನು ಆ ಪಟ್ಟಿಗೆ ಸೇರಿಸಿಲ್ಲ. ಮನೆಮನೆ ಸುತ್ತಿದ ಅನುಭವದಿಂದ ನಾನು ನಂಬುವ ಒಂದು ಗುರುತು ಇದೆ: ಸಿಟ್ಟಿಗೂ ಕ್ಷಮೆ ಕೇಳುವುದಕ್ಕೂ ನಡುವಿನ ಅಂತರ. ಹಿಂದೆ ಮೂರು ದಿನ ಮಾತು ಬಿಡುತ್ತಿದ್ದವರು ಈಗ ಅದೇ ಸಂಜೆ ಬಂದು ‘ತಪ್ಪಾಯಿತು’ ಎನ್ನುತ್ತಿದ್ದಾರೆಂದರೆ ಒಳಗೆ ಏನೋ ಕಾಳು ಕಟ್ಟುತ್ತಿದೆ. ಇದು ನಿಮಗೆ ತಿಳಿಯುವ ಮೊದಲು ಮನೆಯವರಿಗೆ ತಿಳಿಯುತ್ತದೆ. ಮಕ್ಕಳ ಹತ್ತಿರವೂ ಕ್ಷಮೆ ಕೇಳಿ. ಏಳು ವರ್ಷದವರಿಗೆ ಅಮ್ಮನ ಆ ಒಂದು ಮಾತು, ಸಂಡೇ ಸ್ಕೂಲಿನ ಒಂದು ವರ್ಷದ ಪಾಠದಷ್ಟು ಕಲಿಸುತ್ತದೆ.

ನಮ್ಮ ಅನೇಕ ಸಭೆಗಳಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನವಿರುತ್ತದೆ. ಅದರ ಹಿಂದಿನ ಶನಿವಾರವನ್ನು ಉಪಯೋಗಿಸಿಕೊಳ್ಳಿ. ಕಾಣಿಕೆ ತಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಮತ್ತಾಯ 5ರಲ್ಲಿದೆ. ಶನಿವಾರ ಸಂಜೆ ಒಂದು ಫೋನ್ ಕರೆ, ಅಥವಾ ಪಕ್ಕದ ಕೋಣೆಗೆ ಹತ್ತು ಹೆಜ್ಜೆ. ವರ್ಷಕ್ಕೆ ಹನ್ನೆರಡು ಸಲ ಇಷ್ಟು ಮಾಡಿದರೆ ಅದು ಒಳ್ಳೆಯ ಅಗೆತ. ಕುಟುಂಬ ಪ್ರಾರ್ಥನೆಯನ್ನು ಐದು ನಿಮಿಷಕ್ಕೆ ಇಳಿಸಿ. ಒಂದು ಹಾಡು, ಕರ್ತನ ಪ್ರಾರ್ಥನೆ, ಮೂರು ವರ್ಷದ ಮಗು ತನಗೆ ತೋಚಿದ್ದನ್ನು ದೇವರಿಗೆ ಹೇಳಲಿ. ಬೆಕ್ಕಿನ ಬಾಲದ ಬಗ್ಗೆ ಪ್ರಾರ್ಥಿಸಿದರೂ ತಿದ್ದಬೇಡಿ. ಉಪವಾಸ, ದಶಮಾಂಶದ ಮಾತು ಈಗ ಬೇಡ, ಅವುಗಳ ಕಾಲ ಬರುತ್ತದೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಪ್ರಾರ್ಥನೆ ಒಣಗಿದ್ದಷ್ಟೇ ಅಲ್ಲದೆ ನಿದ್ದೆಯೇ ಬಾರದಿರುವುದು, ಊಟ ಸೇರದಿರುವುದು, ಕಾರಣವಿಲ್ಲದೆ ಅಳು, ಬದುಕೇ ಬೇಡವೆನ್ನಿಸುವುದು ಎರಡು ವಾರ ಮೀರಿ ಮುಂದುವರಿದರೆ ಅದನ್ನು ನಂಬಿಕೆಯ ಕೊರತೆ ಎನ್ನಬೇಡಿ, ಅನ್ನುವವರ ಮಾತು ಕೇಳಬೇಡಿ. ವೈದ್ಯರ ಬಳಿ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ದೇವದೂತನು ಎಲೀಯನಿಗೆ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು ಎಂಬುದನ್ನು ಮರೆಯಬೇಡಿ.

ಇನ್ನು ಗೋಡೆಯ ಮೇಲಿನ ಪಟ್ಟಿ. ಹರಿದು ಎಸೆಯಬೇಡಿ, ಗಟ್ಟಿ ಕಾಗದವಿರಬಹುದು. ತೆಗೆದು ಮಗುಚಿ, ಖಾಲಿ ಇರುವ ಹಿಂಬದಿಯಲ್ಲಿ ಹತ್ತು ಹೆಸರು ಬರೆದು ಪಾತ್ರೆ ತೊಳೆಯುವ ಸಿಂಕಿನ ಮೇಲೆ ಅಂಟಿಸಿ. ನಾದಿನಿಯವರ ಹೆಸರೂ ಇರಲಿ. ಕುಕ್ಕರಿಗೆ ಯಾರ ಹೆಸರು ಎಂಬುದನ್ನು ನಿಮಗೇ ಬಿಡುತ್ತೇನೆ.